ಆರನೇ ಮಹಡಿಯ ಬಿರುಕಿಲ್ಲದ ಗೋಡೆ

ಜನವರಿ 9

ಅಪ್ಪನಿಗೆ,

ಕಾಗದ ಬಂತೆಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾನು ಕೂಗುವುದು, ಅದನ್ನೇ ಅಕ್ಕ ನಿನ್ನ ಕಿವಿಯ ಹತ್ತಿರ ಇನ್ನೊಮ್ಮೆ ಕೂಗುವುದು, ನೀನು "ಹ್ಞೂಂ, ಊಟ ಆಯ್ತು" ಎನ್ನುವುದು, ಈ ನಾಟಕ ಸಾಕಾಗಿದೆ. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ದಿನವಿಡೀ ಗೋಡೆಗಳ ಜೊತೆಗಿರುವ ನನಗೆ ಈಚೆಗೆ ಅವೇ ನಿನಗಿಂತ ವಾಸಿ ಅನ್ನಿಸುತ್ತಿವೆ. ಇನ್ನು ಮೇಲೆ ಕಾಗದವೇ ಗತಿ.

ಸುದ್ದಿ ಏನೆಂದರೆ, ಹದಿನಾಲ್ಕು ವರ್ಷದ ಹಿಂದೆ ನೀನು ಬಣ್ಣ ಬಳಿದ ಒಂಬತ್ತು ಮಹಡಿಯ ಕಟ್ಟಡ ಮತ್ತೆ ನಮ್ಮ ಕೈಗೇ ಬಂದಿದೆ. ನಿನ್ನ ಕಾಲದ ಮ್ಯಾನೇಜರೇ ಈಗಲೂ ಇದ್ದಾರೆ, ಕೂದಲು ಮಾತ್ರ ಇಲ್ಲ. "ನಿಮ್ಮ ತಂದೆ ಅಂದ್ರೆ ತಂದೆ ಕಣಮ್ಮ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋರು, ಒಂದು ಮಾತು ಎದುರಾಡ್ತಿರಲಿಲ್ಲ" ಎಂದರು. ನಮ್ಮ ಮನೆಯಲ್ಲಿ ಎದುರಾಡದ ದಿನವೇ ಇರಲಿಲ್ಲವಲ್ಲ, ಇವರು ಯಾರ ತಂದೆಯ ವಿಷಯ ಹೇಳುತ್ತಿದ್ದಾರೆ ಎಂದುಕೊಂಡೆ.

ಕೆಲಸ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಪೂರ್ತಿ ಯೋಜನೆ ಬರೆದು ಸಹಿ ಹಾಕಿ ಒಪ್ಪಿಸಬೇಕು. ಯಾವ ಗೋಡೆ ಎಷ್ಟು ಅಡಿ, ಎಲ್ಲಿ ನೀರಿಳಿದಿದೆ, ಎಲ್ಲಿ ಹಳೆಯ ಬಣ್ಣ ಸಿಪ್ಪೆ ಎದ್ದಿದೆ, ಸಾರುವೆ ಎಲ್ಲಿ ಕಟ್ಟಬೇಕು, ಯಾರ ಕಚೇರಿ ಯಾವ ದಿನ ಖಾಲಿ ಸಿಗುತ್ತದೆ, ಎಲ್ಲವೂ ಅದರಲ್ಲಿರಬೇಕು. ನಾನು ಮತ್ತು ನಿನ್ನ ಶಿಷ್ಯ ಏಣಿಯಣ್ಣ ಟೇಪು ಹಿಡಿದು ಕೆಳಗಿನಿಂದ ಹತ್ತುತ್ತಿದ್ದೇವೆ. ನೆಲಮಹಡಿಯಲ್ಲಿ ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ. ಮೂರರಲ್ಲಿ ಹಲ್ಲಿನ ಡಾಕ್ಟರು. ಬಣ್ಣದ ವಾಸನೆಗೆ ರೋಗಿಗಳು ಬಾಯಿ ತೆರೆಯುವುದಿಲ್ಲ ಎಂದು ಅವರಿಗೆ ಈಗಲೇ ಚಿಂತೆ. ಆರರಲ್ಲಿ ಅಮ್ಮ ಕೆಲಸ ಮಾಡುತ್ತಿದ್ದ ಅದೇ ಹೊಲಿಗೆ ಘಟಕ. ಅಮ್ಮ ಕೂರುತ್ತಿದ್ದ ಜಾಗ ಯಾವುದೆಂದು ಕೇಳುವ ಧೈರ್ಯವಾಗಲಿಲ್ಲ.

ಒಂದು ವಿಷಯ ಕೇಳಬೇಕು. ಇಡೀ ಕಟ್ಟಡದಲ್ಲಿ ಬಿರುಕಿಲ್ಲದ ಗೋಡೆ ಎಂದರೆ ಒಂದೇ. ಆರನೇ ಮಹಡಿಯ ಹಿಂದಿನ ಗೋಡೆ, ಎರಡು ಕಂಬಗಳ ನಡುವೆ ಹನ್ನೊಂದು ಅಡಿ. ಕೂದಲೆಳೆಯಷ್ಟೂ ಬಿರುಕಿಲ್ಲ. ಏಣಿಯಣ್ಣ ಅಂಗೈ ಸವರಿ, "ಇದು ಗುರುಗಳ ಕೈ" ಎಂದ. ಅದಕ್ಕೆ ಏನು ಬೆರೆಸಿದ್ದೆ? ಹೇಳಿದರೆ ಮಿಕ್ಕ ಗೋಡೆಗಳಿಗೂ ಅದನ್ನೇ ಮಾಡುತ್ತೇನೆ.

ನಿನ್ನ ಕಿವಿ ಕೈಕೊಟ್ಟಾಗ "ಒಂದು ವರ್ಷ ನೋಡಿಕೊ" ಎಂದು ಈ ಕೆಲಸ ನನಗೆ ಒಪ್ಪಿಸಿದ್ದೆ. ಈ ಏಪ್ರಿಲ್‌ಗೆ ಆ ಒಂದು ವರ್ಷಕ್ಕೆ ಆರು ವರ್ಷ ತುಂಬುತ್ತದೆ. ಸುಮ್ಮನೆ ನೆನಪಿಸಿದೆ.

ನಿನ್ನ
ಚೂಟಿ


ಜನವರಿ 17

ಚೂಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದು ಸಲ ನಿನಗಾಗಿ, ಎರಡು ಸಲ ಕಟ್ಟಡಕ್ಕಾಗಿ. ಬೇಸರ ಮಾಡಿಕೊಳ್ಳಬೇಡ.

ಮೊದಲು ಹೊರಗೋಡೆ. ಮಳೆ ಬರುವ ಮುಂಚೆ ಅದು ಮುಗಿಯಬೇಕು. ಪಶ್ಚಿಮದ ಕಡೆ ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾಯುತ್ತದೆ, ಕಾದ ಗೋಡೆಗೆ ಬಣ್ಣ ಕೊಟ್ಟರೆ ನಾಳೆ ಅದು ನಿನಗೇ ವಾಪಸ್ ಕೊಡುತ್ತದೆ. ಬೆಳಗ್ಗೆ ಪಶ್ಚಿಮ, ಮಧ್ಯಾಹ್ನ ಪೂರ್ವ. ಎಂಟನೇ ಮಹಡಿಯ ಮೂಲೆಯಲ್ಲಿ ಬಿಳಿ ಉಪ್ಪು ಉಕ್ಕಿದ್ದರೆ ತೊಳೆದು ವಾರ ಬಿಟ್ಟು ನೋಡು. ಮತ್ತೆ ಉಕ್ಕಿದರೆ ಒಳಗೆ ಪೈಪು ಸೋರುತ್ತಿದೆ, ಬಣ್ಣದಿಂದ ಅದು ನಿಲ್ಲುವುದಿಲ್ಲ ಎಂದು ಬರೆದುಕೊಟ್ಟುಬಿಡು. ಹಲ್ಲಿನ ಡಾಕ್ಟರಿಗೆ ಶನಿವಾರ ಮಧ್ಯಾಹ್ನ ಶುರು ಮಾಡು, ಸೋಮವಾರಕ್ಕೆ ವಾಸನೆ ಹೋಗಿರುತ್ತದೆ. ಬಣ್ಣದ ಕಾರ್ಡಿನಲ್ಲಿ ಎಂಟು ತೋರಿಸಿದರೆ ಮಾಲೀಕರು ಎಂಟು ತಿಂಗಳು ಯೋಚಿಸುತ್ತಾರೆ. ಮೂರೇ ತೋರಿಸು, ಅದರಲ್ಲಿ ಒಂದು ಕೆಟ್ಟದ್ದಾಗಿರಲಿ.

ಬಾಗಿಲುಗಳನ್ನು ನಿಂತಲ್ಲೇ ಬಳಿಯುವ ಸೋಮಾರಿತನ ಬೇಡ. ಕೀಲಿನಿಂದ ಇಳಿಸಿ, ಮಲಗಿಸಿ, ಎರಡು ಮುಖ ನಾಲ್ಕು ಅಂಚು ಬಳಿದು, ಒಣಗಿದ ಮೇಲೆ ಏರಿಸಬೇಕು. ಯೋಜನೆಯಲ್ಲಿ ಹಾಗೆಯೇ ಬರೆ.

ಆರನೇ ಮಹಡಿಯವರು ಕೆಲಸದವರು, ಅವರಿಗೆ ಹೆಚ್ಚು ತೊಂದರೆ ಕೊಡಬೇಡ. ಆ ಗೋಡೆ ಚೆನ್ನಾಗಿದೆ ಎಂದಮೇಲೆ ಕೆರೆಯುವುದು, ಉಜ್ಜುವುದು ಬೇಡ. ಮೇಲೆ ಒಂದು ಕೋಟು ಎಳೆದರೆ ಸಾಕು.

ಅಕ್ಕ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿಯ ಗೋಡೆಗಳನ್ನು ಯಾವನೋ ಪೊರಕೆಯಲ್ಲಿ ಬಳಿದಿದ್ದಾನೆ. ಅದೊಂದೇ ಕಷ್ಟ.

ನಿನ್ನ
ಅಪ್ಪ


ಫೆಬ್ರವರಿ 2

ಅಪ್ಪ,

ಎಲ್ಲಕ್ಕೂ ಉತ್ತರ ಬರೆದೆ, ನಾನು ಕೇಳಿದ್ದಕ್ಕೆ ಬಿಟ್ಟು. ಏನು ಬೆರೆಸಿದ್ದೆ ಎಂದರೆ ಕೆರೆಯಬೇಡ ಎನ್ನುತ್ತೀಯ. ಇರಲಿ.

ಮೊನ್ನೆ ಬಾಗಿಲುಗಳನ್ನು ಎಣಿಸಿದೆವು. ಎನಾಮೆಲ್ ಎಷ್ಟು ಬೇಕೆಂದು ಗೊತ್ತಾಗಬೇಕಲ್ಲ. ಹಿಂಬದಿಯ ಮೆಟ್ಟಿಲಿಗೆ ಮಹಡಿಗೊಂದರಂತೆ ಒಂಬತ್ತು ಬಾಗಿಲು. ಯೋಜನೆಯ ಮೆಟ್ಟಿಲ ಹಾಳೆಯಲ್ಲಿ ನಾನು ಒಂಬತ್ತು ಎಂದು ಬರೆದೆ. ಏಣಿಯಣ್ಣ ಒಳಗಿನಿಂದ ಎಣಿಸಿ ಎಂಟು ಎಂದ. "ಒಂದು ಜಾಸ್ತಿ ಎಣಿಸಿದ್ದೀಯ, ಹಸಿವಾಗಿದೆ ನಿಂಗೆ" ಎಂದು ನನ್ನನ್ನೇ ಗೇಲಿ ಮಾಡಿದ. ಇಬ್ಬರೂ ಜಾಗ ಬದಲಾಯಿಸಿ ಮತ್ತೆ ಎಣಿಸಿದೆವು. ಈ ಸಲ ನಾನು ಎಂಟು ಎಂದೆ, ಅವನು ಒಂಬತ್ತು ಎಂದ. ಆಮೇಲೆ ಇಬ್ಬರೂ ನಗಲಿಲ್ಲ.

ಮೆಟ್ಟಿಲ ಕಡೆಯಿಂದ ನೋಡಿದರೆ ಆರನೇ ಮಹಡಿಯಲ್ಲಿ ಬಾಗಿಲಿದೆ. ತುಕ್ಕು ಹಿಡಿದ ಬೀಗ ಹಾಕಿದೆ. ಒಳಗೆ ಅದೇ ಜಾಗದಲ್ಲಿ ನಿನ್ನ ಬಿರುಕಿಲ್ಲದ ಗೋಡೆ.

ಹೆಂಗಸರೆಲ್ಲ ತಲೆ ತಗ್ಗಿಸಿ ಹೊಲಿಯುತ್ತಿದ್ದಾಗ ನಾನು ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದೆ. ಇಟ್ಟಿಗೆಯಾದರೆ ಬೆರಳಿಗೆ ನೋವು, ಹಲಗೆಯಾದರೆ ಕಿವಿಗೆ ಸದ್ದು ಎಂದು ನನಗೆ ಏಳು ವರ್ಷವಿದ್ದಾಗಲೇ ನೀನು ಕಲಿಸಿದ್ದೆ. ಬೆರಳಿಗೆ ನೋವಾಗಲಿಲ್ಲ ಅಪ್ಪ.

ಅಲ್ಲಿ ಬಾಗಿಲಿತ್ತೇ?

ಚೂಟಿ


ಫೆಬ್ರವರಿ 11

ಚೂಟಿ,

ಇಲ್ಲಿ ಎರಡು ದಿನದಿಂದ ಮೋಡ. ಮಂಡಿ ನೋವು ಸ್ವಲ್ಪ ಹೆಚ್ಚು. ಅಳಿಯಂದಿರು ಹೊಸ ಕುರ್ಚಿ ತಂದಿದ್ದಾರೆ, ಕೈ ಊರಿ ಏಳಬಹುದು.

ಕಟ್ಟಡ ಹಳೆಯದಾದ ಮೇಲೆ ಅದರಲ್ಲಿ ನೂರೆಂಟು ಇರುತ್ತದೆ. ನಮಗೆ ಕೊಟ್ಟಿರುವುದು ಬಣ್ಣದ ಕೆಲಸ. ಮ್ಯಾನೇಜರ್ ಹೇಳಿದಂತೆ ಮುಗಿಸಿ ಬಾ.

ಅಪ್ಪ


ಫೆಬ್ರವರಿ 20

ಅಪ್ಪ,

ಕುರ್ಚಿಯ ಸುದ್ದಿ ಓದಿ ಸಂತೋಷವಾಯಿತು. ಈಗ ಆ ಕುರ್ಚಿಯಲ್ಲಿ ಕೂತು ನಾನು ಹೇಳುವುದನ್ನು ಓದು.

ಆ ಕೋಣೆಯಲ್ಲಿ ಮೂವತ್ತೆಂಟು ಹೆಂಗಸರಿದ್ದಾರೆ. ಒಳಗೆ ಹೋಗಲು, ಹೊರಗೆ ಬರಲು ಮುಂದಿನ ಬಾಗಿಲೊಂದೇ. ಆ ಬಾಗಿಲಿಗೆ ಹೋಗುವ ದಾರಿಯಲ್ಲಿ ಎರಡೂ ಕಡೆ ಬಟ್ಟೆಯ ಗಂಟು ಎದೆಯೆತ್ತರ ಪೇರಿಸಿದ್ದಾರೆ, ಒಬ್ಬರು ಬಂದರೆ ಇನ್ನೊಬ್ಬರು ಒತ್ತರಿಸಿ ನಿಲ್ಲಬೇಕು. ಆ ಗಂಟುಗಳ ಪಕ್ಕದಲ್ಲೇ ಇಸ್ತ್ರಿಯ ಮೇಜುಗಳು. ಆರು ಇಸ್ತ್ರಿ ಬೆಳಗಿನಿಂದ ಸಂಜೆಯವರೆಗೆ ಕಾದಿರುತ್ತವೆ. ಕಿಟಕಿಗಳಿಗೆ ಕಂಬಿ. ಹೋದ ವರ್ಷ ಒಂದು ಇಸ್ತ್ರಿಯ ವೈರು ಸುಟ್ಟು ಬಟ್ಟೆಗೆ ತಗುಲಿತಂತೆ. ಬಕೆಟ್ ನೀರಿನಲ್ಲಿ ಆರಿಸಿದರಂತೆ. ನಾನು ಅಲ್ಲಿ ಅಳತೆ ತೆಗೆದ ಎರಡು ಗಂಟೆಯಲ್ಲಿ ನಾಲ್ಕು ಸಲ ಆ ಮುಂದಿನ ಬಾಗಿಲ ಕಡೆ ನೋಡಿದೆ. ಉಸಿರು ಕಟ್ಟುತ್ತದೆ ಅಲ್ಲಿ.

ಅಲ್ಲಿ ಗುಂಡಿ ಹಾಕುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಗುಂಡಿಯಕ್ಕ ಎನ್ನುತ್ತಾರೆ. ನನ್ನ ಮುಖ ನೋಡಿ ಅಮ್ಮನ ಮಗಳೆಂದು ಗುರುತಿಸಿದರು. "ಇಲ್ಲಿ ಬಾಗಿಲಿತ್ತಲ್ಲವ್ವ. ನಿಮ್ಮಮ್ಮ ಮಧ್ಯಾಹ್ನ ಡಬ್ಬಿ ಹಿಡ್ಕೊಂಡು ಅಲ್ಲಿಂದಾನೇ ಮೆಟ್ಟಿಲಿಗೆ ಹೋಗ್ತಿದ್ಲು. ಒಂದು ಸೋಮವಾರ ಬಂದು ನೋಡಿದ್ರೆ ಗೋಡೆ" ಎಂದರು. ಕಣ್ಣು ಮಾತ್ರ ಸೂಜಿಯ ಮೇಲೇ ಇತ್ತು.

ಮ್ಯಾನೇಜರನ್ನು ಕೇಳಿದೆ. "ಗೋಡೆ ಕಾಣ್ತಿದ್ಯಲ್ಲಮ್ಮ, ಗೋಡೆ ಅಂತ ಬರ್ಕೊಳ್ಳಿ. ನಿಮ್ಮ ತಂದೇನೂ ಹಾಗೇ ಮಾಡಿದ್ದು" ಎಂದರು.

ಅಮ್ಮ ಆಮೇಲೆ ನಾಲ್ಕು ವರ್ಷ ಆ ಕೋಣೆಯಲ್ಲಿ ಹೊಲಿದಳು. ನಮ್ಮ ಮನೆಯಲ್ಲಿ ಅವಳು ಬಚ್ಚಲ ಬಾಗಿಲನ್ನು ಕೂಡ ಪೂರ್ತಿ ಹಾಕುತ್ತಿರಲಿಲ್ಲ, ನೆನಪಿದೆಯೇ? ಚಳಿಗಾಲದಲ್ಲೂ ಅಡುಗೆಮನೆಯ ಕಿಟಕಿ ತೆರೆದಿರಬೇಕು. ಅಕ್ಕನೂ ನಾನೂ ಅವಳ ಜೊತೆ ಜಗಳವಾಡುತ್ತಿದ್ದೆವು. ನೀನು ಮಾತ್ರ ಎದ್ದು ಹೋಗುತ್ತಿದ್ದೆ. ಯಾಕೆ ಎದ್ದು ಹೋಗುತ್ತಿದ್ದೆ ಎಂದು ನನಗೆ ಈಗ ಗೊತ್ತಾಗುತ್ತಿದೆ, ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕುರ್ಚಿಯ ಸುದ್ದಿ ಬರೆಯಬೇಡ. ಬರೆಯುವುದಾದರೆ ಇದನ್ನು ಬರೆ.

ಚೂಟಿ


ಮಾರ್ಚ್ 18

ಚೂಟಿ,

ತಿಂಗಳಿಗೆ ಹತ್ತಿರವಾಯಿತು. ನಾಲ್ಕು ಸಲ ಬರೆದು ಹರಿದೆ. ಕಸದ ಬುಟ್ಟಿ ನೋಡಿ ಅಕ್ಕ, ಅಪ್ಪ ಯಾರಿಗೋ ಪ್ರೇಮಪತ್ರ ಬರೆಯುತ್ತಿದ್ದಾರೆ ಎಂದು ಅಳಿಯಂದಿರಿಗೆ ಹೇಳಿ ನಕ್ಕಳು. ಕೇಳಿಸದಿದ್ದರೂ ತುಟಿ ನೋಡಿದರೆ ತಿಳಿಯುತ್ತದೆ.

ಹೌದು. ಅಲ್ಲಿ ಬಾಗಿಲಿತ್ತು. ಮುಚ್ಚಿದವನು ನಾನು.

ಅದು ನನಗೆ ಸಿಕ್ಕ ಮೊದಲ ಪೂರ್ತಿ ಕಟ್ಟಡ. ಅದುವರೆಗೆ ಒಂದು ಕೋಣೆ, ಒಂದು ಅಂಗಡಿ, ಯಾರದೋ ಗೇಟು, ಇಷ್ಟೇ. ಐದು ಮಹಡಿ ಮುಗಿದಿತ್ತು. ಮ್ಯಾನೇಜರ್ ನನ್ನನ್ನು ಆರಕ್ಕೆ ಕರೆದುಕೊಂಡು ಹೋಗಿ, "ಈ ಹೆಂಗಸರು ಹೊತ್ತುಹೊತ್ತಿಗೂ ಮೆಟ್ಟಿಲಿಗೆ ಹೋಗಿ ಕೂರ್ತಾರೆ. ಬೀಗ ಹಾಕಿದ್ರೆ ಕೀ ಕೇಳ್ತಾರೆ. ಬಾಗಿಲೇ ಕಾಣದ ಹಾಗೆ ಮಾಡಿಬಿಡಿ" ಎಂದರು. ನಾನು ಯೋಚಿಸಿದ್ದು ಒಂದೇ. ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ, ಕೆಟ್ಟದಾಗಿ ಮಾಡುತ್ತಾನೆ, ಮಿಕ್ಕ ಮೂರು ಮಹಡಿಯೂ ಅವನ ಪಾಲಾಗುತ್ತದೆ. ಹೊಟ್ಟೆಪಾಡು ಎಂದು ಹೇಳಿದರೆ ಸುಳ್ಳಾಗುತ್ತದೆ, ಆ ವರ್ಷ ನಮಗೆ ಊಟಕ್ಕೆ ಕೊರತೆಯಿರಲಿಲ್ಲ. ಹೆಸರಿನ ಆಸೆ. ಅಷ್ಟೇ.

ಏನು ಬೆರೆಸಿದ್ದೆ ಎಂದು ಕೇಳಿದ್ದೆಯಲ್ಲ. ಏನೂ ಬೆರೆಸಿರಲಿಲ್ಲ. ಬಾಗಿಲ ಮುಂದಿನ ಕುಳಿಗೆ ಹಲಗೆ ಹೊಡೆದು ಗೋಡೆಯ ಮಟ್ಟಕ್ಕೆ ತಂದೆ. ಹಲಗೆಗೂ ಗಾರೆಗೂ ನಡುವಿನ ಸಂದಿಗೆ ಬರೀ ಪುಟ್ಟಿ ತುಂಬಿದರೆ ತಿಂಗಳಲ್ಲಿ ಬಾಗಿಲಿನ ಆಕಾರಕ್ಕೇ ಬಿರುಕು ಬೀಳುತ್ತದೆ. ಅದಕ್ಕೆ ಸಂದಿಯ ಉದ್ದಕ್ಕೂ ಬಟ್ಟೆಯ ಪಟ್ಟಿ ಅಂಟಿಸಿದೆ. ಅದರ ಮೇಲೆ ಕಂಬದಿಂದ ಕಂಬಕ್ಕೆ ಹನ್ನೊಂದು ಅಡಿಗೂ ಪುಟ್ಟಿ ಎಳೆದು, ಘಟಕಕ್ಕೆ ಹಬ್ಬದ ರಜೆಯಿದ್ದ ಮೂರು ದಿನವೂ ಉಜ್ಜಿದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಕೆಲಸ ಇನ್ನೊಂದು ಮಾಡಲಿಲ್ಲ.

ಇಷ್ಟನ್ನು ಎರಡನೆಯ ಸಲವೇ ಬರೆದಿದ್ದೆ. ಹರಿದದ್ದು ಮುಂದಿನದಕ್ಕೆ.

ನಾನು ಆ ಕಟ್ಟಡದಲ್ಲಿದ್ದಷ್ಟು ದಿನವೂ ನಿಮ್ಮಮ್ಮ ಮಧ್ಯಾಹ್ನ ಆ ಬಾಗಿಲಿನಿಂದಲೇ ಬರುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಇಬ್ಬರೂ ಉಣ್ಣುತ್ತಿದ್ದೆವು. ಮನೆಯಲ್ಲಿ ನೀವಿಬ್ಬರು, ಅಜ್ಜಿ, ಬಂದವರು ಹೋದವರು. ನಾವಿಬ್ಬರೇ ಕೂತು ಮಾತಾಡಿದ್ದೆಂದರೆ ಅಲ್ಲಿಯೇ. ಶನಿವಾರ ಶನಿವಾರ ಬ್ರಷ್ ಒರೆಸಲು ಚಿಂದಿ ತಂದುಕೊಡುತ್ತಿದ್ದಳು. ಆ ವಾರ ನಾನು, "ಚಿಂದಿ ಬೇಡ, ಎರಡು ಬೆರಳಗಲ, ಉದ್ದುದ್ದ ಪಟ್ಟಿ ಬೇಕು" ಎಂದೆ. ಯಾಕೆ ಎಂದು ಕೇಳಲಿಲ್ಲ. ನಾನು ಕೇಳಿದರೆ ಯಾವುದಕ್ಕೂ ಯಾಕೆ ಎನ್ನುವವಳಲ್ಲ. ಲೈನಿಂಗ್ ಬಟ್ಟೆಯ ತುಂಡುಗಳನ್ನು ನೇರಕ್ಕೆ ಕತ್ತರಿಸಿ, ಒಂದಕ್ಕೊಂದು ಹೊಲಿದು, ಅಂಚು ಮಡಚಿ, ಸುರುಳಿ ಸುತ್ತಿ ರಜೆಗೆ ಮೊದಲೇ ತಂದುಕೊಟ್ಟಳು.

ಸೋಮವಾರ ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕಾದೆ. ಬರಲಿಲ್ಲ. ಬರುವುದು ಹೇಗೆ? ಸಂಜೆ ಮನೆಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಆ ಬಣ್ಣಕ್ಕೆ ಏನಂತಾರೆ?" ಬೆಣ್ಣೆ ಬಣ್ಣ ಎಂದೆ. "ಚೆನ್ನಾಗಿದೆ" ಎಂದಳು. ಕಣ್ಣು ಮುಚ್ಚುವವರೆಗೂ ಮತ್ತೆ ಆ ವಿಷಯ ಎತ್ತಲಿಲ್ಲ. ಮರುದಿನದಿಂದ ಡಬ್ಬಿ ಎರಡಾಯಿತು.

ಬೈಯುವುದಿದ್ದರೆ ಬೈದು ಬರೆ. ಕೇಳಿಸದವನಿಗೆ ಬೈಗುಳ ಓದಬೇಕಾಗುತ್ತದೆ, ಅದು ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ.

ಅಪ್ಪ


ಮಾರ್ಚ್ 27

ಅಪ್ಪ,

ಬೈಯಲು ಕೂತೆ. ಆಗಲಿಲ್ಲ. ಯಾಕೆಂದರೆ ನಾನೂ ಒಂದು ಹೇಳಿಲ್ಲ.

ಫೆಬ್ರವರಿ ಇಪ್ಪತ್ತರಂದು ನಿನಗೆ ಅಷ್ಟುದ್ದ ಉಪದೇಶ ಬರೆದೆನಲ್ಲ, ಅದಕ್ಕೆ ಎರಡು ದಿನ ಮೊದಲೇ ನಾನು ಯೋಜನೆ ಒಪ್ಪಿಸಿ ಬಂದಿದ್ದೆ. ಅದರಲ್ಲಿ ಹೀಗಿದೆ: "ಆರನೇ ಮಹಡಿ, ಹಿಂದಿನ ಗೋಡೆ, ಹನ್ನೊಂದು ಅಡಿ. ಬಾಗಿಲು ಇಲ್ಲ." ಕೆಳಗೆ ನನ್ನ ಸಹಿ. ಬಾಗಿಲು ಎಂದು ಬರೆದರೆ ಈ ಕೆಲಸವಷ್ಟೇ ಅಲ್ಲ, ಇದೇ ಮಾಲೀಕರ ಇನ್ನೆರಡು ಕಟ್ಟಡವೂ ಬೇರೆಯವರಿಗೆ ಹೋಗುತ್ತದೆ ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದ್ದರು. ಏಣಿಯಣ್ಣನ ಮುಖ ಕಣ್ಣ ಮುಂದೆ ಬಂತು. ನಮ್ಮ ಜೊತೆ ಬಣ್ಣ ಬಳಿಯುವ ಹನ್ನೊಂದು ಜನರಿಗೆ ಮಳೆಗಾಲದಲ್ಲಿ ಕೆಲಸ ಎಲ್ಲಿಂದ ತರಲಿ? ಪೆನ್ನು ತೆಗೆದು ಸಹಿ ಹಾಕಿದೆ. ಹಾಕಿ ಬಂದು ನಿನ್ನನ್ನು ಬೈದೆ. ನಿನಗೆ ಮೂರು ದಿನ ಬೇಕಾಯಿತು, ನನಗೆ ಮೂರು ನಿಮಿಷ ಸಾಕಾಯಿತು.

ಈಗ ಅತ್ತ ದರಿ ಇತ್ತ ಪುಲಿ. ಬರೆದದ್ದನ್ನು ತಿದ್ದಿದರೆ ಮೊದಲ ಸಹಿ ಸುಳ್ಳಾಗುತ್ತದೆ, ತಿದ್ದದಿದ್ದರೆ ಆ ಮೂವತ್ತೆಂಟು ಜನ ನನ್ನ ಬಣ್ಣದ ಹಿಂದೆ ಇನ್ನೂ ಹದಿನಾಲ್ಕು ವರ್ಷ ಇರುತ್ತಾರೆ. ಮೆಟ್ಟಿಲ ಹಾಳೆಯಲ್ಲಿ ಒಂಬತ್ತು ಬಾಗಿಲು ಎಂದಿದ್ದನ್ನು ಅಳಿಸಲು ಮರೆತಿದ್ದೆ. ಮ್ಯಾನೇಜರ್ ಅದನ್ನು ಓದದೆಯೇ ಮುದ್ರೆ ಒತ್ತಿದ್ದಾರೆ. ಸುಳ್ಳನ್ನೂ ಅಚ್ಚುಕಟ್ಟಾಗಿ ಬರೆಯಲು ಬರಲಿಲ್ಲ ನನಗೆ.

ಈ ಕೆಲಸಕ್ಕೆ ಬರುವ ಮೊದಲು ನಾನು ನಕ್ಷೆ ಬರೆಯುವ ಕಚೇರಿಯಲ್ಲಿದ್ದೆ. ಅಲ್ಲಿ ಬಾಗಿಲಿದ್ದರೆ ಬಾಗಿಲು ಎಂದೇ ಬರೆಯುತ್ತಿದ್ದೆವು. ದಿನವೂ ಅದನ್ನು ನೆನೆಯುತ್ತೇನೆ. ನಿನಗೆ ಹೇಳಿದರೆ "ಇದೊಂದು ಕಟ್ಟಡ ಮುಗಿಯಲಿ" ಎನ್ನುತ್ತೀಯ.

ಚೂಟಿ


ಏಪ್ರಿಲ್ 4

ಚೂಟಿ,

ಹಾಗಾದರೆ ಇಬ್ಬರೂ ಒಂದೇ ಗೋಡೆಯ ಹಿಂದೆ ಇದ್ದೇವೆ. ನಿನ್ನದು ಇನ್ನೂ ಕಾಗದದ ಮೇಲಿದೆ, ನನ್ನದು ಒಣಗಿಹೋಗಿದೆ. ನಿನಗೆ ಇನ್ನೂ ಹೊತ್ತಿದೆ.

ಅಳಿಸಲು ಮರೆತೆ ಎಂದು ಅಳಬೇಡ. ಸರಿಯಾಗಿ ಓದು. ಒಂಬತ್ತು ಬಾಗಿಲು ಎಂದು ಬರೆದಿದ್ದೀಯ. ಬಾಗಿಲುಗಳನ್ನು ಕೀಲಿನಿಂದ ಇಳಿಸಿ ಎರಡು ಮುಖ ನಾಲ್ಕು ಅಂಚು ಬಳಿಯುವುದು ಎಂದೂ ಬರೆದಿರುತ್ತೀಯ, ನಾನೇ ಹೇಳಿದ್ದೆ. ಅದರ ಮೇಲೆ ಅವರ ಮುದ್ರೆಯಿದೆ. ಅಂದಮೇಲೆ ಒಂಬತ್ತನೆಯದನ್ನು ಇಳಿಸದಿದ್ದರೆ ಕರಾರು ಮುರಿದವಳು ನೀನಾಗುತ್ತೀಯ. ಅದರ ಒಳಮುಖ ಬಳಿಯಬೇಕಾದರೆ ಮುಂದಿನ ಹಲಗೆ ತೆಗೆಯದೆ ಆಗುವುದಿಲ್ಲ. ಆರನೇ ಮಹಡಿಯ ಹಾಳೆ ತಪ್ಪು, ಮೆಟ್ಟಿಲ ಹಾಳೆ ಸರಿ. ಎರಡರಲ್ಲಿ ಯಾವುದನ್ನು ಪಾಲಿಸಬೇಕೆಂದು ಬಣ್ಣದವರು ಆರಿಸಿಕೊಳ್ಳಬಹುದು.

ಹಲಗೆಯ ಎಡ ಅಂಚು ಕಂಬದಿಂದ ನಾಲ್ಕು ಅಡಿ ಎರಡು ಅಂಗುಲಕ್ಕೆ ಬರುತ್ತದೆ. ಎಡ ಮೇಲಿನ ಮೂಲೆಯಲ್ಲಿ ಬ್ಲೇಡು ಹಾಕು. ಪಟ್ಟಿಯ ತುದಿ ಅಲ್ಲಿದೆ. ಒಂದೇ ಪಟ್ಟಿ, ಎಳೆದರೆ ಪೂರ್ತಿ ಬರುತ್ತದೆ.

ಇದು ನಿನ್ನ ಪಾಲಿನದು. ನನ್ನ ಪಾಲಿನದನ್ನು ನಾನು ಬರೆಯುತ್ತೇನೆ. ನಿಮ್ಮ ಊರಿನ ಅಗ್ನಿಶಾಮಕ ಠಾಣೆಯ ವಿಳಾಸ ಕಳಿಸು.

ಅಪ್ಪ


ಮೇ 12

ಅಪ್ಪ,

ವಿಳಾಸ ಕಳಿಸಿದ ಮೇಲೆ ಬರೆಯಲಾಗಲಿಲ್ಲ. ಹೊರಗೋಡೆ ಮುಗಿಯಿತು. ಬೆಳಗ್ಗೆ ಪಶ್ಚಿಮ, ಮಧ್ಯಾಹ್ನ ಪೂರ್ವ. ಹಲ್ಲಿನ ಡಾಕ್ಟರ ರೋಗಿಗಳು ಬಾಯಿ ತೆರೆಯುತ್ತಿದ್ದಾರೆ.

ನಿನ್ನೆ ಭಾನುವಾರ, ಹೊಲಿಗೆ ಘಟಕಕ್ಕೆ ರಜೆ. ಬೆಳಗ್ಗೆ ಏಳಕ್ಕೆ ನಾನು, ಏಣಿಯಣ್ಣ ಇಬ್ಬರೇ ಹೋದೆವು. ಅವನಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ, ಇನ್ನೆರಡು ಕಟ್ಟಡದ ವಿಷಯವನ್ನೂ. "ಗುರುಗಳ ಗೋಡೆ ಕೆರೆಯೋಕೆ ಕೈ ಬರಲ್ಲ ನಂಗೆ" ಎಂದ. ಬ್ಲೇಡನ್ನು ನನ್ನ ಕೈಗಿಟ್ಟು, "ನೀನು ಶುರು ಮಾಡು, ಆಮೇಲೆ ನಾನು ಹಿಡಿತೀನಿ" ಎಂದ. ನಾಲ್ಕು ಅಡಿ ಎರಡು ಅಂಗುಲ. ಹೇಳಿದ ಕಡೆಯೇ ಬ್ಲೇಡು ಒಳಗಿಳಿಯಿತು. ತುದಿ ಸಿಕ್ಕಿತು. ಎಳೆದೆ. ಪುಟ್ಟಿ ಉದುರುತ್ತಾ ಪಟ್ಟಿ ಬಂತು, ಮೇಲೆ ಅಡ್ಡಕ್ಕೆ, ಆಮೇಲೆ ಕೆಳಕ್ಕೆ, ಎಲ್ಲಿಯೂ ಹರಿಯಲಿಲ್ಲ. ತುಂಡಿಗೆ ತುಂಡು ಸೇರಿದ ಕಡೆಯೆಲ್ಲ ಅಮ್ಮನ ಹೊಲಿಗೆ. ಹದಿನಾಲ್ಕು ವರ್ಷವಾದರೂ ಒಂದು ದಾರ ಬಿಟ್ಟಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಏಣಿಯಣ್ಣ ಮೆಟ್ಟಿಲ ಕಡೆ ಹೋಗಿ ಬೀಗ ಒಡೆಯುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಮಾಡಿದ.

ಹಲಗೆ ತೆಗೆದೆವು, ಬಾಗಿಲು ಇಳಿಸಿದೆವು. ಮೆಟ್ಟಿಲ ಕಡೆಯಿಂದ ಗಾಳಿ ಬಂತು. ಬಾಗಿಲನ್ನು ಮಲಗಿಸಿ ಉಜ್ಜಿ ಒಂದು ಕೋಟು ಎನಾಮೆಲ್ ಕೊಟ್ಟು ಮೆಟ್ಟಿಲ ಗೋಡೆಗೆ ಒರಗಿಸಿದ್ದೇನೆ.

ಇವತ್ತು ಬೆಳಗ್ಗೆ ಹೆಂಗಸರು ಬಂದರು. ಒಬ್ಬೊಬ್ಬರೇ ಆ ಚೌಕಟ್ಟಿನವರೆಗೆ ಹೋಗಿ ಮೆಟ್ಟಿಲು ಇಣುಕಿ ನೋಡಿ ಬಂದು ತಮ್ಮ ಯಂತ್ರದ ಮುಂದೆ ಕೂತರು. ಗುಂಡಿಯಕ್ಕ ಹೋದವರು ಬರಲೇ ಇಲ್ಲ. ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾರೆ. "ಇಲ್ಲೇ ಕಣವ್ವ ನಿಮ್ಮಮ್ಮ ಕೂರ್ತಿದ್ದಿದ್ದು, ಈ ಮೆಟ್ಟಿಲು" ಎಂದು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

ಹತ್ತು ಗಂಟೆಗೆ ಮ್ಯಾನೇಜರ್ ಬಂದರು. ಮೆಟ್ಟಿಲ ಹಾಳೆ ತೋರಿಸಿದೆ, ಅವರ ಮುದ್ರೆ ತೋರಿಸಿದೆ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. "ಈಗಲೇ ಬಾಗಿಲು ಏರಿಸಿ ಬೀಗ ಹಾಕಿ, ಮೊದಲಿದ್ದ ಹಾಗೆ ಮುಚ್ಚಿ" ಎಂದರು. "ಎನಾಮೆಲ್ ಒಣಗಿಲ್ಲ ಸಾರ್, ಏರಿಸಿದ್ರೆ ಚೌಕಟ್ಟಿಗೆ ಅಂಟಿಕೊಳ್ಳುತ್ತೆ" ಎಂದೆ. ತಿಂಗಳ ಕೊನೆಗೆ ಕೆಲಸ ಒಪ್ಪಿಸಬೇಕು, ಅಷ್ಟರಲ್ಲಿ ಗೋಡೆ ಮೊದಲಿನಂತೆ ಇರಬೇಕು, ಇಲ್ಲದಿದ್ದರೆ ಇನ್ನೆರಡು ಕಟ್ಟಡ ಮರೆತುಬಿಡಿ ಎಂದು ಹೇಳಿ ಹೋಗಿದ್ದಾರೆ.

ಎಷ್ಟು ದಿನ ಒಣಗಿಲ್ಲ ಎನ್ನಲಿ ಅಪ್ಪ? ಬಾಗಿಲು ತೆರೆದಿದ್ದೇನೆ, ನಾನು ಮಾತ್ರ ಇನ್ನೂ ಒಳಗೇ ಇದ್ದ ಹಾಗಿದೆ. ಏನು ಮಾಡಬೇಕೋ ತೋಚುತ್ತಿಲ್ಲ.

ಪಟ್ಟಿಯನ್ನು ತೊಳೆದು ಒಣಗಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನನ್ನ ಹತ್ತಿರ ಇರಬೇಕಾದ್ದಲ್ಲ.

ನಿನ್ನ
ಚೂಟಿ


ಮೇ 19

ಚೂಟಿ,

ಪಟ್ಟಿ ಬಂತು. ಅಕ್ಕನಿಗೆ ತೋರಿಸಿದೆ, ಎಲ್ಲವನ್ನೂ ಬರೆದು ತೋರಿಸಿದೆ. ಓದಿ ಮುಗಿಸಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೇಳಿಸದವನಿಗೂ ಅದು ತಿಳಿಯುತ್ತದೆ. ಮೂರನೇ ದಿನ ತಾನೇ ಹೋಗಿ ಬಸ್ಸಿನ ಟಿಕೆಟ್ ತಂದುಕೊಟ್ಟಳು.

ಅಗ್ನಿಶಾಮಕ ಠಾಣೆಗೆ ಏಪ್ರಿಲ್‌ನಲ್ಲೇ ಬರೆದಿದ್ದೆ. ಇಂಥ ಕಟ್ಟಡ, ಇಂಥ ಮಹಡಿ, ಇಷ್ಟು ಜನ, ಹೀಗೊಂದು ಬಾಗಿಲಿತ್ತು, ಯಾರು ಹೇಳಿದರು, ಯಾರು ಮುಚ್ಚಿದರು, ಎಲ್ಲವನ್ನೂ ಬರೆದು ನನ್ನ ಹೆಸರು, ವಿಳಾಸ, ಸಹಿ ಹಾಕಿದ್ದೆ. ಮೊನ್ನೆ ಉತ್ತರ ಬಂತು. ಇಪ್ಪತ್ತಾರಕ್ಕೆ ಅಧಿಕಾರಿ ಕಟ್ಟಡಕ್ಕೆ ಬರುತ್ತಾರೆ, ಮುಚ್ಚಿದವರು ಖುದ್ದು ಬಂದು ಜಾಗ ತೋರಿಸಬೇಕಂತೆ. ಇನ್ನೆರಡು ಕಟ್ಟಡ ಹೋಗಬಹುದು. ಹನ್ನೊಂದು ಜನರಿಗೆ ಅದನ್ನು ಹೇಳುವವನು ನಾನು, ನೀನಲ್ಲ. ಏಣಿಯಣ್ಣನನ್ನು ಕರೆದುಕೊಂಡು ಗೊತ್ತಿರುವ ಅಂಗಡಿ ಅಂಗಡಿಗೂ ಹೋಗಿ ಕೆಲಸ ಕೇಳುತ್ತೇನೆ. ಕಿವಿ ಹೋಗಿದೆ, ಬಾಯಿ ಇದೆಯಲ್ಲ.

ನಕ್ಷೆ ಕಚೇರಿಯ ವಿಷಯ ನಾನು ಆರು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಬಂದಾಗ ಕೇಳುತ್ತೇನೆ. ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡು.

ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಶುಕ್ರವಾರ ಮಧ್ಯಾಹ್ನ ಆ ಮೆಟ್ಟಿಲ ಮೇಲೆ ಕೂತು ಉಣ್ಣಬೇಕೆಂದಿದ್ದೇನೆ. ಡಬ್ಬಿ ಒಂದೇ ತರುತ್ತೇನೆ, ನೀನು ನಿನ್ನದನ್ನು ತರಬೇಡ.

ಅಧಿಕಾರಿ ಕೇಳುವುದು ನನಗೆ ಕೇಳಿಸದು. ಪಕ್ಕದಲ್ಲಿ ನಿಂತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತೋರಿಸು. ಮುಚ್ಚಿದ್ದು ಯಾರು ಎಂಬ ಪ್ರಶ್ನೆಗೆ ಮಾತ್ರ ಚೀಟಿ ಬೇಡ. ಅವರ ತುಟಿ ಅಲ್ಲಾಡುವ ಮೊದಲೇ ನಾನು ಕೈ ಎತ್ತಿರುತ್ತೇನೆ.

ಅಲ್ಲಿಯವರೆಗೆ ಆ ಬಾಗಿಲು ಒರಗಿದ್ದ ಕಡೆಯೇ ಒರಗಿರಲಿ. ದಿನಕ್ಕೊಂದು ಸಲ ತೆಳ್ಳಗೆ ಒಂದು ಕೋಟು ಕೊಡುತ್ತಿರು. ಮ್ಯಾನೇಜರ್ ಕೇಳಿದರೆ ನನ್ನ ಹೆಸರು ಹೇಳು. ನಲವತ್ತು ವರ್ಷ ಬಣ್ಣ ಬಳಿದವನು ಹೇಳುತ್ತಿದ್ದೇನೆ, ಅದು ಇನ್ನೂ ಒಣಗಿಲ್ಲ.

ನಿನ್ನ
ಅಪ್ಪ